ಬಸುರಿಯ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದಾಗ: ಸೂಜಿ, ಸಲೈನ್, ಗುಳಿಗೆ, ಯಾವುದಕ್ಕೆ ಯಾವ ಕಾಲ

ಡಾಪ್ಲರ್ ಸ್ಕ್ಯಾನಿಂಗ್ ವರದಿಯಲ್ಲಿ ‘ಡಿವಿಟಿ’ (ಕಾಲಿನ ಆಳದ ಅಭಿಧಮನಿಯಲ್ಲಿ ಹೆಪ್ಪು) ಎಂಬ ಮೂರಕ್ಷರ ಕಂಡು, ಇನ್ನು ಹೆರಿಗೆಯವರೆಗೂ ದಿನಕ್ಕೆರಡು ಸಲ ಹೊಟ್ಟೆಯ ಚರ್ಮಕ್ಕೆ ಸೂಜಿ ಹಾಕಿಕೊಳ್ಳಬೇಕೆಂದು ವೈದ್ಯರು ಹೇಳಿ ಹೋದ ಮೇಲೆ, ಬಸುರಿಯ ತಾಯಿ ವಾರ್ಡಿನ ಬಾಗಿಲಿಗೆ ಬಂದು ಕೇಳುವ ಮಾತು ಹೆಚ್ಚುಕಡಿಮೆ ಒಂದೇ: “ಸೂಜಿ ಬಿಟ್ಟು ಗುಳಿಗಿ ಇಲ್ಲೇನ್ರಿ ಸಿಸ್ಟರ್?” ಬಾಗಲಕೋಟೆ ಮತ್ತು ವಿಜಯಪುರಗಳ ಹೆರಿಗೆ ವಾರ್ಡುಗಳಲ್ಲಿ ಶುಶ್ರೂಷಕಿಯಾಗಿ ದುಡಿದ ವರ್ಷಗಳಲ್ಲಿ ಈ ಪ್ರಶ್ನೆಗೆ ನಿಂತಲ್ಲೇ ಎರಡು ಮಾತು ಹೇಳಿ ನಾನು ಮುಂದಿನ ಹಾಸಿಗೆಗೆ ಹೋಗಬೇಕಾಗುತ್ತಿತ್ತು. ಆ ಎರಡು ಮಾತು ಸಾಲದೆಂದು ಅಂದೂ ಗೊತ್ತಿತ್ತು. ಗುಳಿಗೆ ಇದೆ, ಆದರೆ ಅದರ ಕಾಲ ಹೆರಿಗೆಯ ನಂತರ. ಸಲೈನಿನಲ್ಲಿ ಕೊಡುವ ಔಷಧಿಯೂ ಇದೆ, ಅದರ ಕಾಲ ಕೆಲವು ಗಂಟೆ ಅಥವಾ ಕೆಲವು ದಿನಗಳದ್ದು. ನಡುವಿನ ಉದ್ದನೆಯ ಹಾದಿಯನ್ನು ಸೂಜಿಯೇ ನಡೆಸಬೇಕು. ಆದ್ದರಿಂದ ಯಾವ ಔಷಧಿ ಒಳ್ಳೆಯದು ಎಂದು ಕೇಳುವ ಮೊದಲು, ಈಗ ಎಷ್ಟನೆಯ ತಿಂಗಳು ನಡೆಯುತ್ತಿದೆ ಎಂಬುದನ್ನು ಮುಂದಿಟ್ಟುಕೊಂಡು ಕುಳಿತರೆ ಆಯ್ಕೆ ಎಷ್ಟೋ ಸುಲಭವಾಗುತ್ತದೆ.

ಹೆಪ್ಪು ಇದೆಯೇ ಎಂಬುದು ಮೊದಲು ಖಚಿತವಾಗಲಿ

ಏಳನೆಯ ತಿಂಗಳಲ್ಲಿ ಕುಬಸ ಮುಗಿಸಿಕೊಂಡು ಬೆಂಗಳೂರಿನಿಂದಲೋ ಪುಣೆಯಿಂದಲೋ ರಾತ್ರಿಯಿಡೀ ಕುಳಿತೇ ತವರಿಗೆ ಬಂದ ಮಗಳ ಕಾಲು ಬಾತಿರುವುದನ್ನು ಕಂಡು, “ಬಸುರಿದ್ದಾಗ ಕಾಲು ಬಾಯೋದು ಇದ್ದದ್ದ ಬಿಡವ್ವ” ಎಂದು ಹಿರಿಯರು ಹೇಳುವುದು ಬಹಳಷ್ಟು ಸಲ ನಿಜವೇ. ಬಸುರಿತನದ ಸಾಮಾನ್ಯ ಬಾವು ಎರಡೂ ಪಾದಗಳಲ್ಲಿರುತ್ತದೆ, ಸಂಜೆಗೆ ಏರಿ ಮುಂಜಾನೆಗೆ ಇಳಿಯುತ್ತದೆ. ಹೆಪ್ಪಿನ ಬಾವು ಒಂದೇ ಕಾಲಿನಲ್ಲಿರುತ್ತದೆ, ರಾತ್ರಿ ಮಲಗೆದ್ದರೂ ಇಳಿಯುವುದಿಲ್ಲ, ಮೀನಖಂಡ ಅಥವಾ ತೊಡೆ ನೋಯುತ್ತದೆ, ಮುಟ್ಟಿದರೆ ಇನ್ನೊಂದು ಕಾಲಿಗಿಂತ ಬಿಸಿಯಾಗಿರುತ್ತದೆ. ದರ್ಜಿಯವರ ಟೇಪಿನಿಂದ ಎರಡೂ ಮೀನಖಂಡಗಳನ್ನು ಮೊಣಕಾಲಿನಿಂದ ಸಮನಾದ ದೂರದಲ್ಲಿ ಅಳೆದು ನೋಡಿದಾಗ ಸುತ್ತಳತೆಯಲ್ಲಿ 2 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚಿನ ಅಂತರ ಕಂಡರೆ ಅದೇ ದಿನ ದವಾಖಾನೆಗೆ ಹೊರಡಬೇಕು. ಅಂತರವಿಲ್ಲವೆಂದು ನಿಶ್ಚಿಂತರಾಗಲೂ ಬಾರದು, ಏಕೆಂದರೆ ಬಸುರಿಯರಲ್ಲಿ ಹೆಪ್ಪು ಅನೇಕ ಸಲ ಮೇಲೆ, ತೊಡೆಯ ಮತ್ತು ಕಿಬ್ಬೊಟ್ಟೆಯ ದೊಡ್ಡ ಅಭಿಧಮನಿಗಳಲ್ಲಿ ಕೂಡುತ್ತದೆ. ಆಗ ಮೀನಖಂಡ ಮೊದಲಿಗೆ ಸರಿಯಾಗಿಯೇ ಕಾಣುತ್ತ, ತೊಡೆಸಂದು, ಸೊಂಟ ಅಥವಾ ಕುಂಡೆಯಲ್ಲಿ ಮಾತ್ರ ನೋವಿರಬಹುದು.

ಎಡಗಾಲಿನ ಬಾವಿಗೆ ಹೆಚ್ಚು ಹೆದರಬೇಕು. ಎಡಗಾಲಿನ ರಕ್ತವನ್ನು ಮೇಲೆ ಒಯ್ಯುವ ಅಭಿಧಮನಿಯ ಮೇಲೆ, ಬಲಗಾಲಿಗೆ ಹೋಗುವ ಅಪಧಮನಿ ಅಡ್ಡ ಹಾದುಹೋಗುತ್ತದೆ. ಗರ್ಭಕೋಶ ಬೆಳೆದಂತೆ ಆ ಜಾಗದ ಒತ್ತಡ ಹೆಚ್ಚಿ ರಕ್ತ ನಿಧಾನಗೊಳ್ಳುತ್ತದೆ, ಹೀಗಾಗಿ ಬಸುರಿಯರ ಕಾಲಿನ ಹೆಪ್ಪುಗಳಲ್ಲಿ ಹತ್ತಕ್ಕೆ ಎಂಟರಷ್ಟಾದರೂ ಎಡಗಡೆಯವೇ. ಇದರ ಜೊತೆಗೆ, ಹೆರಿಗೆಯ ಹೊತ್ತಿಗೆ ರಕ್ತಸ್ರಾವ ಬೇಗ ನಿಲ್ಲಲೆಂದು ಬಸುರಿಯ ದೇಹ ರಕ್ತವನ್ನು ಮೊದಲಿಗಿಂತ ಬೇಗ ಹೆಪ್ಪುಗಟ್ಟುವಂತೆ ಸಿದ್ಧಗೊಳಿಸಿಕೊಂಡಿರುತ್ತದೆ. ಈ ಸಿದ್ಧತೆ ಮೊದಲ ಮೂರು ತಿಂಗಳಲ್ಲಿಯೇ ಆರಂಭವಾಗುವುದರಿಂದ, ವಾಂತಿಯಿಂದ ಬಳಲಿ ನೀರೂ ನಿಲ್ಲದೆ ಮಲಗಿಬಿಟ್ಟ ಮೂರನೆಯ ತಿಂಗಳಿನ ಬಸುರಿಯಲ್ಲಿಯೂ ಹೆಪ್ಪು ಕಾಣಿಸಿಕೊಳ್ಳಬಹುದು. ಒಟ್ಟಾರೆ ಸಾವಿರ ಬಸುರಿಯರಲ್ಲಿ ಒಬ್ಬಿಬ್ಬರಿಗೆ ಬರುವ ತೊಂದರೆ ಇದು. ಅದೇ ವಯಸ್ಸಿನ, ಬಸುರಿಯಲ್ಲದ ಹೆಂಗಸರಿಗೆ ಹೋಲಿಸಿದರೆ ನಾಲ್ಕೈದು ಪಟ್ಟು ಹೆಚ್ಚು, ಹೆರಿಗೆಯಾದ ಮೊದಲ ಆರು ವಾರಗಳಲ್ಲಂತೂ ಅದಕ್ಕಿಂತಲೂ ಹೆಚ್ಚು.

ಅನುಮಾನ ಬಂದಾಗ ಕುಟುಂಬದ ಮುಂದೆ ಮೂರು ಹಾದಿಗಳು ಕಾಣುತ್ತವೆ: ಕಾದು ನೋಡುವುದು, ಹೆಪ್ಪು ಕರಗುವಾಗ ರಕ್ತದಲ್ಲಿ ಸೇರುವ ಅಂಶವನ್ನು ಅಳೆಯುವ ಡಿ-ಡೈಮರ್ ಎಂಬ ರಕ್ತಪರೀಕ್ಷೆ ಮಾಡಿಸುವುದು, ಕಾಲಿನ ಡಾಪ್ಲರ್ ಸ್ಕ್ಯಾನಿಂಗ್ ಮಾಡಿಸುವುದು. ಕಾದು ನೋಡುವುದನ್ನು ನಾನು ಆಯ್ಕೆಯೆಂದೇ ಎಣಿಸುವುದಿಲ್ಲ. ಹುನಗುಂದದ ಕಡೆಯಿಂದ ಬಂದಿದ್ದ ಒಬ್ಬ ಬಸುರಿಗೆ ಊರಿನ ಹತ್ತಿರದ ದವಾಖಾನೆಯೊಂದರಲ್ಲಿ ಇದು ಸಹಜವಾದ ಬಾವೆಂದು ಹೇಳಿ ಕಾಲಿಗೆ ಎಣ್ಣೆ ತಿಕ್ಕಲು ಸೂಚಿಸಿದ್ದರು. ಎರಡು ವಾರ ತಿಕ್ಕಿಸಿಕೊಂಡ ಆಕೆ ನಮ್ಮಲ್ಲಿಗೆ ಬಂದದ್ದು ಉಸಿರು ಸಿಗದ ಸ್ಥಿತಿಯಲ್ಲಿ. ಬದುಕಿಕೊಂಡಳು. ಆದರೆ ಹೆಪ್ಪಿನ ಅನುಮಾನವಿರುವ ಕಾಲನ್ನು ತಿಕ್ಕಬಾರದು, ಒತ್ತಬಾರದು ಎಂಬುದನ್ನು ಅಂದಿನಿಂದ ನಾನು ಪ್ರತಿಯೊಬ್ಬ ಸೂಲಗಿತ್ತಿಗೂ ಆಶಾ ಕಾರ್ಯಕರ್ತೆಗೂ ಹೇಳುತ್ತ ಬಂದಿದ್ದೇನೆ, ಏಕೆಂದರೆ ಕಾಲಿನಿಂದ ಬಿಡಿಸಿಕೊಂಡ ಹೆಪ್ಪಿನ ತುಂಡು ಹೃದಯದ ಮೂಲಕ ಹಾದು ಪುಪ್ಪುಸದ ರಕ್ತನಾಳಕ್ಕೆ ಸಿಕ್ಕಿಕೊಳ್ಳುತ್ತದೆ.

ಡಿ-ಡೈಮರ್ ಪರೀಕ್ಷೆ ಅಗ್ಗ, ತಾಲೂಕಿನ ಲ್ಯಾಬುಗಳಲ್ಲಿಯೂ ಆಗುತ್ತದೆ, ಆದರೆ ಬಸುರಿತನದಲ್ಲಿ ಆ ಅಂಶ ತಾನಾಗಿಯೇ ಏರುವುದರಿಂದ ಹೆಚ್ಚಿದೆ ಎಂಬ ಫಲಿತಾಂಶದಿಂದ ಏನೂ ತಿಳಿಯುವುದಿಲ್ಲ. ಅದರ ಮೇಲಷ್ಟೇ ಚಿಕಿತ್ಸೆಯನ್ನು ತೀರ್ಮಾನಿಸುವುದು ತಪ್ಪು. ಡಾಪ್ಲರಿನಲ್ಲಿ ವಿಕಿರಣವಿಲ್ಲ, ಕೂಸಿಗೆ ಅಪಾಯವಿಲ್ಲ. ಸ್ಕ್ಯಾನಿಂಗ್ ಉಪಕರಣದಿಂದ ಒತ್ತಿದಾಗ ಅಭಿಧಮನಿ ಚಪ್ಪಟೆಯಾದರೆ ಒಳಗೆ ಹೆಪ್ಪಿಲ್ಲ, ಒತ್ತಿದರೂ ಚಪ್ಪಟೆಯಾಗದಿದ್ದರೆ ಹೆಪ್ಪಿದೆ, ಇಷ್ಟು ನೇರವಾದ ಪರೀಕ್ಷೆ ಅದು. ಮೊದಲ ಡಾಪ್ಲರಿನಲ್ಲಿ ಏನೂ ಕಾಣದೆ ಅನುಮಾನ ಬಲವಾಗಿಯೇ ಉಳಿದರೆ ಮೂರನೆಯ ಮತ್ತು ಏಳನೆಯ ದಿನ ಮತ್ತೆ ನೋಡಬೇಕೆಂದು ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಆಬ್ಸ್ಟೆಟ್ರಿಶಿಯನ್ಸ್ ಅಂಡ್ ಗೈನಕಾಲಜಿಸ್ಟ್ಸ್ ಸಂಸ್ಥೆಯ 2015ರ ಮಾರ್ಗಸೂಚಿ ಹೇಳುತ್ತದೆ. ಕಿಬ್ಬೊಟ್ಟೆಯೊಳಗಿನ ಅಭಿಧಮನಿ ಡಾಪ್ಲರಿಗೆ ಸರಿಯಾಗಿ ಸಿಗದಿದ್ದರೆ ಎಂಆರ್‌ಐ ನೆರವಾಗುತ್ತದೆ. ಭಾನುವಾರವೆಂದೋ ರಾತ್ರಿಯಾಯಿತೆಂದೋ ಡಾಪ್ಲರ್ ನಾಳೆಗೆ ಹೋಗುವುದಾದರೆ, ರಕ್ತಸ್ರಾವದ ಅಪಾಯವಿಲ್ಲದ ಬಸುರಿಗೆ ಇಂದೇ ಸೂಜಿ ಆರಂಭಿಸಿ, ಹೆಪ್ಪಿಲ್ಲವೆಂದು ಖಚಿತವಾದರೆ ನಿಲ್ಲಿಸುವುದು ಒಪ್ಪಿತವಾದ ಕ್ರಮ. ಇದನ್ನು ವೈದ್ಯರಲ್ಲಿ ಕೇಳಲು ಸಂಕೋಚಪಡಬಾರದು.

ಏಕಾಏಕಿ ಉಸಿರುಗಟ್ಟುವಿಕೆ, ಉಸಿರೆಳೆದಾಗ ಎದೆನೋವು, ಕೆಮ್ಮಿನಲ್ಲಿ ರಕ್ತ, ತಲೆಸುತ್ತಿ ಬೀಳುವುದು ಇವುಗಳಲ್ಲಿ ಒಂದು ಕಂಡರೂ ಆಯ್ಕೆಯ ಮಾತನ್ನು ಅಲ್ಲಿಗೇ ಬಿಟ್ಟು 108ಕ್ಕೆ ಕರೆಮಾಡಬೇಕು. ಆಗ ಎದೆಯ ಸಿಟಿ ಸ್ಕ್ಯಾನ್ ಬೇಕೆಂದರೆ ಬಸುರಿಯೆಂಬ ಕಾರಣಕ್ಕೆ ಬೇಡವೆನ್ನಬಾರದು. ಸಿಟಿಯಲ್ಲಾಗಲಿ, ಪುಪ್ಪುಸದ ಐಸೋಟೋಪ್ ಸ್ಕ್ಯಾನಿನಲ್ಲಾಗಲಿ ಹೊಟ್ಟೆಯೊಳಗಿನ ಕೂಸಿಗೆ ತಲುಪುವ ವಿಕಿರಣ ಬಹಳ ಕಡಿಮೆ. ಸಿಟಿಯಿಂದ ತಾಯಿಯ ಸ್ತನಕ್ಕೆ ತಾಗುವ ವಿಕಿರಣ ಹೆಚ್ಚು, ಐಸೋಟೋಪ್ ಸ್ಕ್ಯಾನಿನಿಂದ ಕೂಸಿಗೆ ಕೊಂಚ ಹೆಚ್ಚು. ಎರಡೂ ಇರುವ ಕಡೆ ಈ ಹೋಲಿಕೆಗೆ ಅರ್ಥವಿದೆ, ಒಂದೇ ಇರುವ ಕಡೆ ಇರುವುದನ್ನೇ ಮಾಡಿಸಬೇಕು.

ಸೂಜಿ, ಸಲೈನ್, ಗುಳಿಗೆ

ಮೂರಕ್ಕೂ ಸಾಮಾನ್ಯವಾದ ಒಂದು ಸಂಗತಿಯನ್ನು ಮೊದಲು ತಿಳಿದಿರಬೇಕು. ಇವು ಹೆಪ್ಪನ್ನು ಕರಗಿಸುವ ಔಷಧಿಗಳಲ್ಲ, ಹೆಪ್ಪು ಬೆಳೆಯದಂತೆ ತಡೆದು ನಿಲ್ಲಿಸುತ್ತವೆ, ಕರಗಿಸುವ ಕೆಲಸವನ್ನು ದೇಹವೇ ವಾರಗಟ್ಟಲೆ ಮಾಡಿಕೊಳ್ಳುತ್ತದೆ. ನಾಲ್ಕು ದಿನ ಸೂಜಿ ಹಾಕಿದರೂ ಬಾವು ಇಳಿಯಲಿಲ್ಲವೆಂದು ಬಿಟ್ಟುಬಿಡುವವರು ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ನಿಜವಾಗಿ ಕರಗಿಸುವ ಔಷಧಿಗಳು ಬೇರೆ ಇವೆ. ರಕ್ತಸ್ರಾವದ ಭಯ ದೊಡ್ಡದಾದ್ದರಿಂದ ಅವನ್ನು ಪ್ರಾಣಕ್ಕೇ ಸಂಚಕಾರ ಬಂದಾಗ, ಐಸಿಯುವಿನಲ್ಲಿ ಮಾತ್ರ ಬಳಸುತ್ತಾರೆ.

ಸೂಜಿ ಎಂದು ನಾವು ಕರೆಯುವುದು ಕಡಿಮೆ ಅಣುತೂಕದ ಹೆಪಾರಿನ್. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಇನಾಕ್ಸಪರಿನ್, ಕೆಲವು ಕಡೆ ಡಾಲ್ಟೆಪರಿನ್. ಇದರ ದೊಡ್ಡ ಗುಣವೆಂದರೆ ಇದು ಮಾಸನ್ನು ದಾಟುವುದಿಲ್ಲ, ತಾಯಿಯ ರಕ್ತದಲ್ಲಿ ಕೆಲಸ ಮಾಡುತ್ತದೆಯೇ ಹೊರತು ಕೂಸಿನ ರಕ್ತವನ್ನು ಮುಟ್ಟುವುದಿಲ್ಲ. ತೂಕಕ್ಕೆ ತಕ್ಕ ಪ್ರಮಾಣ ಕೊಟ್ಟರೆ ಪರಿಣಾಮ ಎಷ್ಟೆಂಬುದನ್ನು ಮೊದಲೇ ಅಂದಾಜು ಮಾಡಬಹುದಾದ್ದರಿಂದ ಬಹುತೇಕ ಬಸುರಿಯರಿಗೆ ಪದೇಪದೇ ರಕ್ತಪರೀಕ್ಷೆ ಬೇಕಾಗುವುದಿಲ್ಲ, ಮನೆಯಲ್ಲಿಯೇ ಹಾಕಿಕೊಳ್ಳಬಹುದು. ಕೊರತೆಗಳೂ ಇವೆ: ಚುಚ್ಚಿದಲ್ಲಿ ಕಂದುಗಟ್ಟುತ್ತದೆ, ತಿಂಗಳ ಖರ್ಚು ಹಗುರವಲ್ಲ, ಮೂತ್ರಪಿಂಡದ ತೊಂದರೆ ಇರುವವರ ದೇಹದಲ್ಲಿ ಔಷಧಿ ಕೂಡಿಕೊಳ್ಳುತ್ತ ಹೋಗುತ್ತದೆ, ಮತ್ತು ತುರ್ತಿನಲ್ಲಿ ಇದರ ಪ್ರಭಾವವನ್ನು ಪ್ರೊಟಮಿನ್ ಎಂಬ ಪ್ರತಿಔಷಧಿಯಿಂದ ಭಾಗಶಃ ಮಾತ್ರ ಅಳಿಸಬಹುದು.

ಸಲೈನಿನ ಮೂಲಕ ಕೊಡುವುದು ಹಳೆಯ ಹೆಪಾರಿನ್, 1916ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದ ಔಷಧಿ. ಇದೂ ಮಾಸನ್ನು ದಾಟುವುದಿಲ್ಲ. ಸಲೈನ್ ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ಪ್ರಭಾವ ಇಳಿಯುತ್ತದೆ, ಪ್ರೊಟಮಿನ್ ಇದನ್ನು ಪೂರ್ತಿಯಾಗಿ ಅಳಿಸಬಲ್ಲದು, ಮೂತ್ರಪಿಂಡದ ಹಂಗು ಅಷ್ಟಾಗಿ ಇಲ್ಲ. ಆದ್ದರಿಂದ ಹೆರಿಗೆ ಇಂದೋ ನಾಳೆಯೋ ಎಂಬಂತಿರುವಾಗ, ತುರ್ತು ಶಸ್ತ್ರಚಿಕಿತ್ಸೆಯ ಸಂಭವವಿದ್ದಾಗ, ಮೂತ್ರಪಿಂಡ ಕೆಟ್ಟಿರುವಾಗ, ಅಥವಾ ಪುಪ್ಪುಸಕ್ಕೆ ದೊಡ್ಡ ಹೆಪ್ಪು ಹೋಗಿ ರಕ್ತದೊತ್ತಡ ಕುಸಿದಿರುವಾಗ ಇದೇ ಮೇಲು. ತಿಂಗಳುಗಟ್ಟಲೆ ಇದರ ಮೇಲೆ ಇರುವುದು ಮಾತ್ರ ಕಷ್ಟ. ದವಾಖಾನೆಯಲ್ಲಿಯೇ ಇದ್ದು, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ಎಪಿಟಿಟಿ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಿ ಪ್ರಮಾಣ ಸರಿಪಡಿಸಬೇಕು, ಪ್ಲೇಟ್‌ಲೆಟ್ ಇಳಿಯುವ ಒಂದು ಅಪಾಯಕಾರಿ ಪ್ರತಿಕ್ರಿಯೆ ಇದರಲ್ಲಿ ಹೆಚ್ಚು, ದೀರ್ಘಕಾಲ ಬಳಸಿದರೆ ಎಲುಬು ಸವೆಯುವುದೂ ಸೂಜಿಗಿಂತ ಇದರಲ್ಲಿಯೇ ಹೆಚ್ಚು. “ಸೂಜಿ ದುಬಾರಿ, ಸಲೈನ್ ಔಷಧಿ ಅಗ್ಗ” ಎಂಬ ಲೆಕ್ಕ ಕೇಳಿದ್ದೇನೆ. ಔಷಧಿಯ ಬೆಲೆಯ ಜೊತೆ ಹಾಸಿಗೆ, ಪರೀಕ್ಷೆ, ಜೊತೆಗಿರುವವರ ಊಟ ಮತ್ತು ಕಳೆದ ಕೂಲಿಯನ್ನು ಸೇರಿಸಿದರೆ ಆ ಲೆಕ್ಕ ತಲೆಕೆಳಗಾಗುತ್ತದೆ.

ಇನ್ನು ಗುಳಿಗೆ. ವಾರ್ಫರಿನ್ ಮತ್ತು ಅದೇ ಗುಂಪಿನ ಅಸಿನೊಕೂಮರಾಲ್ ಮಾಸನ್ನು ದಾಟುತ್ತವೆ. ಆರರಿಂದ ಹನ್ನೆರಡನೆಯ ವಾರದೊಳಗೆ ತೆಗೆದುಕೊಂಡರೆ ಕೂಸಿನ ಮೂಗಿನ ಮತ್ತು ಎಲುಬುಗಳ ಬೆಳವಣಿಗೆ ಕೆಡಬಹುದು. ಮುಂದಿನ ತಿಂಗಳುಗಳಲ್ಲಿ ಕೂಸಿನ ಮೆದುಳಿನಲ್ಲಿಯೇ ರಕ್ತಸ್ರಾವವಾಗಬಹುದು. ತಾಯಿಯ ಪ್ರಮಾಣ ಸರಿಯಿದ್ದರೂ ಕೂಸಿಗೆ ಅದು ಅತಿಯಾಗುತ್ತದೆ. ರಿವರಾಕ್ಸಬಾನ್, ಅಪಿಕ್ಸಬಾನ್, ಡಾಬಿಗಟ್ರಾನ್ ಎಂಬ ಹೊಸ ಗುಳಿಗೆಗಳು ಬಸುರಿಯಲ್ಲದವರಿಗೆ ಬಹಳ ಅನುಕೂಲವಾಗಿವೆ, ಮನೆಯ ಹಿರಿಯರಿಗೆ ಅವನ್ನು ಕೊಟ್ಟಿರಲೂಬಹುದು, ಆದರೆ ಬಸುರಿಯರಿಗೂ ಹಾಲೂಡಿಸುವವರಿಗೂ ಅವು ಸಲ್ಲವು. ಅಂಥ ಗುಳಿಗೆ ನುಂಗುತ್ತಿರುವಾಗಲೇ ಮುಟ್ಟು ನಿಂತರೆ ತಡಮಾಡದೆ ವೈದ್ಯರನ್ನು ಕಂಡು ಸೂಜಿಗೆ ಬದಲಾಯಿಸಿಕೊಳ್ಳಬೇಕು. ಬಿ.ಪಿ. ಏರದಿರಲೆಂದು ಕೆಲವು ಬಸುರಿಯರಿಗೆ ಕೊಡುವ ಸಣ್ಣ ಪ್ರಮಾಣದ ಆಸ್ಪಿರಿನ್ ಕೂಡ ‘ರಕ್ತ ತೆಳುವಾಗುವ ಗುಳಿಗೆ’ ಎಂದೇ ಹೆಸರಾಗಿದೆ, ಅದು ಹೆಪ್ಪಿನ ಚಿಕಿತ್ಸೆಯಲ್ಲ, ಸೂಜಿಯ ಬದಲಿಗೆ ನಿಲ್ಲುವುದೂ ಇಲ್ಲ.

ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡ ಹೆಂಗಸರ ವಿಷಯ ಬೇರೆ. ಸಂಧಿವಾತದ ಜ್ವರದಿಂದ ಕವಾಟ ಕೆಟ್ಟು ಚಿಕ್ಕ ವಯಸ್ಸಿನಲ್ಲಿಯೇ ಶಸ್ತ್ರಚಿಕಿತ್ಸೆಯಾದವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಅವರಿಗೆ ಗುಳಿಗೆಯನ್ನು ಎಷ್ಟರಮಟ್ಟಿಗೆ ಮುಂದುವರಿಸಬೇಕೆಂಬುದನ್ನು ಹೃದಯತಜ್ಞರು ಮತ್ತು ಹೆರಿಗೆ ತಜ್ಞರು ಕೂಡಿ ನಿರ್ಧರಿಸಬೇಕು. ಈ ಬರಹ ಓದಿ ಯಾರೂ ತಾವಾಗಿ ಗುಳಿಗೆ ನಿಲ್ಲಿಸಬಾರದು, ಕವಾಟದ ಮೇಲೆ ಹೆಪ್ಪು ಕೂತರೆ ಅದು ಕಾಲಿನ ಹೆಪ್ಪಿಗಿಂತ ಘೋರ.

ಹೆಪಾರಿನ್ ಹಂದಿಯ ಕರುಳಿನ ಒಳಪದರದಿಂದ ತೆಗೆದದ್ದು ಎಂಬ ಸಂಗತಿಯನ್ನೂ ಇಲ್ಲಿ ಹೇಳಬೇಕು. ಲಿಂಗಾಯತ, ಬ್ರಾಹ್ಮಣ, ಜೈನ ಮತ್ತು ಮುಸ್ಲಿಂ ಕುಟುಂಬಗಳಿಗೆ ಇದು ಸಣ್ಣ ಮಾತಲ್ಲ. ಕೇಳಿದವರಿಗೆ ನಾನು ಇದನ್ನು ಎಂದೂ ಮುಚ್ಚಿಟ್ಟಿಲ್ಲ, ತಿಳಿದು ಒಪ್ಪಿದವರು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದಿಲ್ಲವೆಂಬುದು ನನ್ನ ಅನುಭವ. ಫೊಂಡಪರಿನಕ್ಸ್ ಎಂಬ, ಪ್ರಾಣಿಮೂಲವಿಲ್ಲದ ಸೂಜಿಯೂ ಇದೆ. ಆದರೆ ಅದು ಸ್ವಲ್ಪಮಟ್ಟಿಗೆ ಮಾಸನ್ನು ದಾಟುತ್ತದೆ, ಬಸುರಿಯರಲ್ಲಿ ಅದರ ಅನುಭವವೂ ಕಡಿಮೆ, ಹೀಗಾಗಿ ಹೆಪಾರಿನ್ ಒಗ್ಗದವರಿಗೆ ಮಾತ್ರ ಅದನ್ನು ಮೀಸಲಿಡುತ್ತಾರೆ.

ಮನೆಯಲ್ಲಿ ಸೂಜಿ ನಡೆಸುವ ಬಗೆ

ಚಿಕಿತ್ಸೆಯ ಪ್ರಮಾಣದಲ್ಲಿ ಇನಾಕ್ಸಪರಿನನ್ನು ಸಾಮಾನ್ಯವಾಗಿ ಒಂದು ಕಿಲೋ ತೂಕಕ್ಕೆ 1 ಮಿ.ಗ್ರಾಂ.ನಂತೆ ಹನ್ನೆರಡು ಗಂಟೆಗೊಮ್ಮೆ, ಇಲ್ಲವೇ 1.5 ಮಿ.ಗ್ರಾಂ.ನಂತೆ ದಿನಕ್ಕೊಮ್ಮೆ ಕೊಡುತ್ತಾರೆ. ಮುಂಜಾಗ್ರತೆಗಾಗಿ ಕೊಡುವ ಪ್ರಮಾಣ ಇದಕ್ಕಿಂತ ಕಡಿಮೆ, 50ರಿಂದ 90 ಕಿಲೋ ತೂಕದವರಿಗೆ ದಿನಕ್ಕೊಮ್ಮೆ 40 ಮಿ.ಗ್ರಾಂ. ನೆರೆಮನೆಯವಳಿಗೆ ದಿನಕ್ಕೊಂದೇ ಸೂಜಿ, ನನಗೇಕೆ ಎರಡು ಎಂದು ಕೇಳುವವರು ಈ ವ್ಯತ್ಯಾಸವನ್ನು ಗಮನಿಸಬೇಕು: ಆಕೆಗೆ ಹೆಪ್ಪು ಬಾರದಿರಲೆಂದು ಕೊಟ್ಟಿರಬಹುದು, ನಿಮಗೆ ಬಂದ ಹೆಪ್ಪಿಗೆ ಕೊಡುತ್ತಿದ್ದಾರೆ. ಚಿಕಿತ್ಸೆಗೆ ದಿನಕ್ಕೊಂದು ಮೇಲೋ ಎರಡು ಮೇಲೋ ಎಂಬುದು ಬಸುರಿಯರ ಮಟ್ಟಿಗೆ ಇತ್ಯರ್ಥವಾಗಿಲ್ಲ, ಬ್ರಿಟನ್ನಿನ ಮಾರ್ಗಸೂಚಿ ಎರಡನ್ನೂ ಒಪ್ಪುತ್ತದೆ. ಬಸುರಿಯ ಮೂತ್ರಪಿಂಡ ಔಷಧಿಯನ್ನು ಬೇಗ ಹೊರಹಾಕುವುದರಿಂದ, ದೊಡ್ಡ ಹೆಪ್ಪಿದ್ದವರಿಗೂ ಹೆರಿಗೆ ಹತ್ತಿರವಾದವರಿಗೂ ಎರಡಾಗಿ ಹಂಚಿ ಕೊಡುವುದೇ ನನಗೆ ಸರಿಯೆನಿಸುತ್ತದೆ. ದಿನಕ್ಕೆರಡು ಸಲ ಚುಚ್ಚಿಕೊಳ್ಳಲಾರದೆ ಒಂದನ್ನು ತಪ್ಪಿಸುವವಳಿಗೆ ಮಾತ್ರ ತಪ್ಪದ ಒಂದೇ ಮೇಲು, ಆದರೆ ಬದಲಾವಣೆಯನ್ನು ವೈದ್ಯರೇ ಬರೆದುಕೊಡಬೇಕು.

ಚುಚ್ಚುವವರು ಯಾರು? ಊರಿನ ಕಂಪೌಂಡರನನ್ನು ನಂಬಿಕೊಂಡವರಿಗೆ ಜಾತ್ರೆಯ ದಿನ, ಅಮಾವಾಸ್ಯೆಯ ದಿನ ಸೂಜಿ ತಪ್ಪುತ್ತದೆ. ವಾರ್ಡಿನಲ್ಲಿದ್ದ ಎರಡು ದಿನಗಳಲ್ಲಿಯೇ ಬಸುರಿ ತಾನೇ ಕಲಿಯುವುದು, ಜೊತೆಗೆ ಗಂಡನೋ ಅತ್ತೆಯೋ ಒಬ್ಬರು ಕಲಿಯುವುದು ಎಲ್ಲಕ್ಕಿಂತ ಒಳ್ಳೆಯದು. ಓದು ಬಾರದ ತಾಯಂದಿರೂ ಇದನ್ನು ಮೂರನೆಯ ಸಲಕ್ಕೆ ತಪ್ಪಿಲ್ಲದೆ ಮಾಡಿದ್ದನ್ನು ನಾನು ಕಂಡಿದ್ದೇನೆ. ಹೊಕ್ಕುಳಿನಿಂದ ದೂರದಲ್ಲಿ, ಒಂದು ಹೊತ್ತು ಎಡಕ್ಕೆ ಇನ್ನೊಂದು ಹೊತ್ತು ಬಲಕ್ಕೆ, ಚರ್ಮವನ್ನು ಮಡಿಕೆಯಾಗಿ ಹಿಡಿದು ನೇರವಾಗಿ ಚುಚ್ಚಬೇಕು, ಔಷಧಿ ಪೂರ್ತಿ ಹೋದ ಮೇಲೆ ಮಡಿಕೆ ಬಿಡಬೇಕು, ನಂತರ ತಿಕ್ಕಬಾರದು. ಸೂಜಿ ಕೂಸಿಗೆ ತಾಗೀತೆಂಬ ಭಯ ಎಲ್ಲರಿಗೂ ಇರುತ್ತದೆ. ಅದು ಚರ್ಮದ ಕೆಳಗಿನ ಕೊಬ್ಬಿನ ಪದರದಲ್ಲಿಯೇ ನಿಲ್ಲುವಷ್ಟು ಗಿಡ್ಡ. ಹೊಟ್ಟೆ ಬೇಡವೆನಿಸಿದರೆ ತೊಡೆಯ ಹೊರಭಾಗವಿದೆ. ವಿಜಯಪುರದ ಬೇಸಿಗೆಯಲ್ಲಿ ತಗಡಿನ ಮನೆಯ ಗೂಡಿನಲ್ಲಿಯೂ, ಬಿಸಿಲಿಗೆ ನಿಲ್ಲಿಸಿದ ಗಾಡಿಯಲ್ಲಿಯೂ ಈ ಔಷಧಿಯನ್ನು ಇಡಬಾರದು. ಡಬ್ಬಿಯ ಮೇಲೆ ಬರೆದ ತಾಪಮಾನವನ್ನು ಔಷಧಿ ಅಂಗಡಿಯವರಿಂದ ಓದಿಸಿಕೊಂಡು ಮನೆಯ ಅತಿ ತಂಪಾದ ಒಳಕೋಣೆಯಲ್ಲಿಡಬೇಕು, ಮಂಜುಗಟ್ಟುವ ಫ್ರೀಜರಿನಲ್ಲಿ ಮಾತ್ರ ಎಂದೂ ಇಡಬಾರದು.

ಖರ್ಚನ್ನು ಒಂದು ಸೂಜಿಯ ಬೆಲೆಯಿಂದ ಅಳೆಯದೆ ಒಟ್ಟು ಎಣಿಕೆಯಿಂದ ಅಳೆಯಬೇಕು. 28ನೆಯ ವಾರದಲ್ಲಿ ಹೆಪ್ಪು ಕಂಡರೆ 40ನೆಯ ವಾರದವರೆಗೆ 84 ದಿನ, ಬಾಣಂತನದ ಆರು ವಾರಕ್ಕೆ 42 ದಿನ, ದಿನಕ್ಕೆರಡರಂತೆ ಒಟ್ಟು 252 ಸೂಜಿಗಳು. ಇನಾಕ್ಸಪರಿನ್ ಕೇಂದ್ರ ಸರ್ಕಾರದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಆದರೂ ಕಂಪನಿಯಿಂದ ಕಂಪನಿಗೆ ಬೆಲೆ ಬದಲಾಗುತ್ತದೆ, ಆದ್ದರಿಂದ ಔಷಧಿಯ ಮೂಲ ಹೆಸರನ್ನು ಬರೆಸಿಕೊಂಡು ಜನೌಷಧಿ ಕೇಂದ್ರವೂ ಸೇರಿ ಎರಡು ಮೂರು ಕಡೆ ವಿಚಾರಿಸಬೇಕು. ಆಯುಷ್ಮಾನ್ ಕಾರ್ಡಿನ ನೆರವು ಮುಖ್ಯವಾಗಿ ಒಳರೋಗಿಯ ಚಿಕಿತ್ಸೆಗೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ದವಾಖಾನೆಗಳಲ್ಲಿ ಬಸುರಿಯರಿಗೂ ಬಾಣಂತಿಯರಿಗೂ ಔಷಧಿ ಮತ್ತು ಪರೀಕ್ಷೆಗಳನ್ನು ಉಚಿತವಾಗಿ ಕೊಡಬೇಕು. ಅಂಗಡಿಗೆ ಹೋಗುವ ಮೊದಲು ಅಲ್ಲಿ ತಾಯಿ ಕಾರ್ಡ್ ತೋರಿಸಿ ಕೇಳುವುದು ನಿಮ್ಮ ಹಕ್ಕು.

ಹೆರಿಗೆ ಎಲ್ಲಿ, ಹೇಗೆ

ಜಮಖಂಡಿ, ಇಂಡಿ, ಗೋಕಾಕ, ಅಥಣಿಯಂಥ ಊರುಗಳಲ್ಲಿ ಹೆರಿಗೆ ಮಾಡಿಸುವ ಒಳ್ಳೆಯ ವೈದ್ಯರಿದ್ದಾರೆ, ದಿನನಿತ್ಯದ ತಪಾಸಣೆಯನ್ನು ಅವರಲ್ಲಿಯೇ ಮುಂದುವರಿಸಬಹುದು. ಆದರೆ ಸೂಜಿಯ ಮೇಲಿರುವ ಬಸುರಿಯ ಹೆರಿಗೆ ನಡೆಯುವ ಜಾಗದಲ್ಲಿ ರಾತ್ರಿಯೂ ಅರಿವಳಿಕೆ ತಜ್ಞರು, ರಕ್ತನಿಧಿ, ಐಸಿಯು ಮತ್ತು ಕೂಸಿನ ಆರೈಕೆಯ ಘಟಕ ಇರಬೇಕು. ವಿಜಯಪುರದ ಬಿಎಲ್‌ಡಿಇ ಆಸ್ಪತ್ರೆ, ಬಾಗಲಕೋಟೆಯ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ, ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್ಇ ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಗಳು ವೈದ್ಯಕೀಯ ಕಾಲೇಜಿಗೆ ಸೇರಿದವು. ಅಥಣಿ, ಕಾಗವಾಡದ ಕಡೆಯವರು ಮಿರಜಕ್ಕೆ ಹೋಗುವ ರೂಢಿಯೂ ಇದೆ, ಹಾಗೆ ಹೋಗುವವರು ಕರ್ನಾಟಕದ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಬಾಗಲಕೋಟೆಯಿಂದ ವಿಜಯಪುರ ಸುಮಾರು 80 ಕಿ.ಮೀ., ಬೆಳಗಾವಿ ಸುಮಾರು 140 ಕಿ.ಮೀ. ನೋವು ಶುರುವಾದ ಮೇಲೆ ನಡುರಾತ್ರಿಯಲ್ಲಿ ಈ ದಾರಿ ಹಿಡಿಯುವುದಕ್ಕಿಂತ ಒಂದು ವಾರ ಮೊದಲೇ ಆ ಊರಿನ ಬಂಧುಗಳ ಮನೆಯಲ್ಲಿ ಬಂದು ಉಳಿಯುವುದು ಕ್ಷೇಮ.

ನೋವು ತಾನಾಗಿ ಬರಲೆಂದು ಕಾಯುವುದು ಮತ್ತು ದಿನ ಗೊತ್ತುಮಾಡಿ ನೋವು ಬರಿಸುವುದು, ಈ ಎರಡರಲ್ಲಿ ಚಿಕಿತ್ಸೆಯ ಪ್ರಮಾಣದಲ್ಲಿ ಸೂಜಿ ನಡೆಯುತ್ತಿರುವವರಿಗೆ ದಿನ ಗೊತ್ತುಮಾಡುವುದೇ ಅನುಕೂಲ, ಏಕೆಂದರೆ ಬೆನ್ನಿಗೆ ಅರಿವಳಿಕೆ ಕೊಡಬೇಕಾದರೆ ಆ ಪ್ರಮಾಣದ ಕೊನೆಯ ಸೂಜಿಯಿಂದ 24 ಗಂಟೆ ಕಳೆದಿರಬೇಕು. ಮುಂಜಾಗ್ರತೆಯ ಪ್ರಮಾಣವಾದರೆ 12 ಗಂಟೆ ಸಾಕು. ಅಷ್ಟು ಕಾಯದೆ ಬೆನ್ನಿಗೆ ಚುಚ್ಚಿದರೆ ಬೆನ್ನುಹುರಿಯ ಸುತ್ತ ರಕ್ತ ಕೂಡಿ ಕಾಲುಗಳ ಬಲವೇ ಹೋಗಬಹುದು. ಆದ್ದರಿಂದ ಪ್ರತಿ ಸೂಜಿಯ ದಿನಾಂಕ ಮತ್ತು ಗಂಟೆಯನ್ನು ತಾಯಿ ಕಾರ್ಡಿನ ಜೊತೆಗಿಟ್ಟ ಹಾಳೆಯಲ್ಲಿ ಬರೆದಿಡಬೇಕು. ನೋವು ಶುರುವಾಯಿತೆಂದು ಅನಿಸಿದರೆ, ನೀರು ಹೋದರೆ, ರಕ್ತ ಕಂಡರೆ ಮುಂದಿನ ಸೂಜಿ ಹಾಕಿಕೊಳ್ಳದೆ ದವಾಖಾನೆಗೆ ಬರಬೇಕು. ಹೆಪ್ಪು ಇರುವುದೊಂದೇ ಸಿಸೇರಿಯನ್‌ಗೆ ಕಾರಣವಲ್ಲ. ಸಿಸೇರಿಯನ್ ಆದವರಲ್ಲಿಯೇ ಹೊಸ ಹೆಪ್ಪಿನ ಭಯ ಹೆಚ್ಚು, ಆದ್ದರಿಂದ ಬೇರೆ ಕಾರಣವಿಲ್ಲದಿದ್ದರೆ ಸಹಜ ಹೆರಿಗೆಯೇ ಮೇಲು. ಹೆರಿಗೆಗೆ ಎರಡು ವಾರವಷ್ಟೇ ಉಳಿದಿರುವಾಗ ದೊಡ್ಡ ಹೆಪ್ಪು ಕಂಡರೆ, ಪುಪ್ಪುಸಕ್ಕೆ ಹೋಗದಂತೆ ಹೊಟ್ಟೆಯ ದೊಡ್ಡ ಅಭಿಧಮನಿಯಲ್ಲಿ ತಾತ್ಕಾಲಿಕವಾದ ಜಾಲರಿಯೊಂದನ್ನು ಇಡುವುದುಂಟು, ಅದು ತೀರ ಅಪರೂಪ.

ಬಾಣಂತನದಲ್ಲಿ

ಹೆರಿಗೆಯೊಂದಿಗೆ ಹೆಪ್ಪಿನ ಭಯ ಮುಗಿಯಿತೆಂದು ಸೂಜಿ ನಿಲ್ಲಿಸುವುದು ನಾನು ಕಂಡ ತಪ್ಪುಗಳಲ್ಲೆಲ್ಲ ದೊಡ್ಡದು. ಔಷಧಿ ಹೆರಿಗೆಯ ನಂತರ ಕನಿಷ್ಠ ಆರು ವಾರ, ಒಟ್ಟಾರೆ ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ ನಡೆಯಬೇಕು. ಇಲ್ಲಿ ಗುಳಿಗೆಗೆ ಜಾಗ ಸಿಗುತ್ತದೆ. ವಾರ್ಫರಿನ್ ಎದೆಹಾಲಿಗೆ ಲೆಕ್ಕಕ್ಕೆ ಬರುವಷ್ಟು ಇಳಿಯುವುದಿಲ್ಲ, ಕೂಸಿಗೆ ಧಾರಾಳವಾಗಿ ಹಾಲೂಡಿಸಬಹುದು. ಆದರೆ ರಕ್ತಸ್ರಾವದ ಭಯವಿರುವುದರಿಂದ ಐದನೆಯ ದಿನಕ್ಕಿಂತ ಮೊದಲು ಅದನ್ನು ಆರಂಭಿಸುವುದಿಲ್ಲ, ಗುಳಿಗೆಯ ಪ್ರಭಾವವನ್ನು ಅಳೆಯುವ ಐಎನ್ಆರ್ ಎಂಬ ರಕ್ತಪರೀಕ್ಷೆಯ ಅಂಕಿ 2ರಿಂದ 3ರ ನಡುವೆ ನಿಲ್ಲುವವರೆಗೆ ಸೂಜಿಯನ್ನೂ ಜೊತೆಗೆ ನಡೆಸಬೇಕು, ಆಮೇಲೂ ಆಗಾಗ ರಕ್ತಪರೀಕ್ಷೆ ತಪ್ಪದು. ಉಳಿದಿರುವುದು ಆರು ವಾರ ಮಾತ್ರವಾದರೆ, ಹಳ್ಳಿಯಿಂದ ಐಎನ್ಆರ್ ಮಾಡಿಸಲು ಹಸಿಕೂಸನ್ನು ಎತ್ತಿಕೊಂಡು ಬಸ್ಸಿನಲ್ಲಿ ಓಡಾಡುವುದಕ್ಕಿಂತ ಕೈಗೆ ಕುದುರಿದ ಸೂಜಿಯನ್ನೇ ಮುಂದುವರಿಸುವುದು ಸುಲಭ. ಇನ್ನೂ ಹಲವು ತಿಂಗಳ ಚಿಕಿತ್ಸೆ ಬೇಕಾದವರಿಗೆ, ಲ್ಯಾಬ್ ಹತ್ತಿರವಿದ್ದವರಿಗೆ ಗುಳಿಗೆ ಸರಿ. ಗುಳಿಗೆ ಆರಿಸಿಕೊಂಡವರು ಬಾಣಂತಿಗೆ ಕೊಡುವ ಸಬ್ಬಸಗಿ, ಮೆಂತೆ ಪಲ್ಯಗಳನ್ನು ಬಿಡಬೇಕಾಗಿಲ್ಲ. ಒಂದು ವಾರ ದಿನವೂ ತಿಂದು ಮರುವಾರ ಪೂರ್ತಿ ಬಿಟ್ಟರೆ ಐಎನ್ಆರ್ ಏರಿಳಿಯುತ್ತದೆ, ಆದ್ದರಿಂದ ಪ್ರಮಾಣ ಒಂದೇ ರೀತಿ ಇರಲಿ. ವೈದ್ಯರಿಗೆ ತಿಳಿಸದೆ ನೋವಿನ ಗುಳಿಗೆ ಮಾತ್ರ ನುಂಗಬಾರದು.

ಹೊರಸಿನ ಕೆಳಗೆ ಕೆಂಡವಿಟ್ಟು ಕಾಸುವುದು, ಬಾಣಂತಿಯನ್ನು ಎದ್ದು ಓಡಾಡಗೊಡದಿರುವುದು, ನೀರನ್ನು ಅಳೆದು ಕೊಡುವುದು ನಮ್ಮ ಮನೆಗಳಲ್ಲಿ ಅಕ್ಕರೆಯಿಂದಲೇ ನಡೆದು ಬಂದಿವೆ. ಆದರೆ ಬೆವರಿ ನೀರು ಕಳೆದುಕೊಂಡ, ಅಲುಗಾಡದೆ ಮಲಗಿದ ಮೈಯಲ್ಲಿ ರಕ್ತ ಹೆಪ್ಪುಗಟ್ಟುವುದು ಸುಲಭ. ಕಾಲಿನಲ್ಲಷ್ಟೇ ಅಲ್ಲ, ಮೆದುಳಿನ ಅಭಿಧಮನಿಗಳಲ್ಲಿಯೂ ಕಟ್ಟಬಹುದು. ಹೆರಿಗೆಯಾದ ವಾರಗಳಲ್ಲಿ ತಾಳಲಾರದ ತಲೆನೋವು, ವಾಂತಿ, ಫಿಟ್ಸ್, ಕೈಕಾಲು ಸೋಲುವುದು ಕಂಡರೆ ಅದನ್ನು ಗಾಳಿ ಸೋಕಿತೆಂದೋ ಶೀತವಾಯಿತೆಂದೋ ಮನೆಯಲ್ಲಿ ಇಟ್ಟುಕೊಳ್ಳದೆ ಕೂಡಲೆ ದೊಡ್ಡ ದವಾಖಾನೆಗೆ ಒಯ್ಯಬೇಕು. ಎಣ್ಣೆಸ್ನಾನ, ಅಂಟಿನುಂಡಿ, ಕಿವಿಗೆ ಸುತ್ತುವ ಬಟ್ಟೆ ಯಾವುದಕ್ಕೂ ನನ್ನ ಆಕ್ಷೇಪವಿಲ್ಲ. ಬಾಯಾರಿಕೆಯಾದಷ್ಟು ನೀರು, ಮೊದಲ ದಿನದಿಂದಲೇ ಮನೆಯೊಳಗೆ ಓಡಾಟ, ಹೆಪ್ಪಾದ ಕಾಲಿಗೆ ಮಾಲೀಶು ಬೇಡವೆಂಬ ಕಟ್ಟುನಿಟ್ಟು, ಇವಿಷ್ಟನ್ನು ಅತ್ತೆಯವರಲ್ಲಿ ಕೈಮುಗಿದು ಕೇಳುತ್ತೇನೆ.

ಒತ್ತಡದ ಸ್ಟಾಕಿಂಗ್ಸ್ ಬಾವನ್ನು, ನೋವನ್ನು ಹಗುರಗೊಳಿಸುತ್ತದೆ, ಔಷಧಿಯ ಬದಲಿಗೆ ನಿಲ್ಲುವುದಿಲ್ಲ. ಕಾಲಿನ ಅಳತೆ ಕೊಟ್ಟು ತರಿಸಿದ್ದಾದರೆ ಮಾತ್ರ ಉಪಯೋಗ, ಒಂದೊಂದು ಕಡೆ ಒಂದೊಂದು ಬಿಗಿಯಾಗಿ ಮನೆಯಲ್ಲಿ ಸುತ್ತಿದ ಕ್ರೇಪ್ ಬ್ಯಾಂಡೇಜು ಅದಕ್ಕೆ ಸಮನಲ್ಲ. ಬೇಸಿಗೆಯಲ್ಲಿ ತಡೆಯಲಾರದೆ ತೆಗೆದಿಟ್ಟರೂ ಚಿಕಿತ್ಸೆ ಕೆಟ್ಟಿತೆಂದು ಕೊರಗಬೇಕಾಗಿಲ್ಲ.

ಮುಂದಿನ ಮಗುವಿಗೆ ಅಂತರವಿಡಲು ಮಾಲಾ-ಎನ್‌ನಂಥ ಈಸ್ಟ್ರೊಜೆನ್ ಇರುವ ಗುಳಿಗೆಗಳನ್ನು ಒಮ್ಮೆ ಹೆಪ್ಪಾದವರು ತೆಗೆದುಕೊಳ್ಳಬಾರದು, ಕಾಪರ್-ಟಿಯಂಥ ಬೇರೆ ಉಪಾಯಗಳ ಬಗ್ಗೆ ಬಿಡುಗಡೆಯಾಗುವ ಮೊದಲೇ ಕೇಳಿಕೊಳ್ಳಬೇಕು. ಡಾಪ್ಲರ್ ವರದಿಯನ್ನೂ ಡಿಸ್ಚಾರ್ಜ್ ಕಾಗದವನ್ನೂ ಪಡಿತರ ಚೀಟಿ ಇಡುವ ಟ್ರಂಕಿನಲ್ಲಿಯೇ ಭದ್ರವಾಗಿ ಇಡಬೇಕು. ಮುಂದೆ ಮುಟ್ಟು ನಿಂತ ತಿಂಗಳಲ್ಲಿಯೇ ಅವನ್ನು ವೈದ್ಯರಿಗೆ ತೋರಿಸಿದರೆ, ಹೆಪ್ಪು ಮರಳಿ ಬಾರದಂತೆ ಮುಂಜಾಗ್ರತೆಯ ಸೂಜಿಯನ್ನು ಬಸುರಿನ ಆರಂಭದಿಂದಲೇ ಹಿಡಿದುಕೊಳ್ಳಬಹುದು.